ಟ್ರಯಲ್ ಮುಗಿದ ಆಂಟಿವೈರಸ್: ರೀಸೆಟ್ ಮಾಡಿದರೆ ಏನಾಗುತ್ತದೆ?

ಹೊಳೆಸಾಲು (ಪ್ರಶ್ನೆ)

ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂವತ್ತು ದಿನಗಳ ಉಚಿತ ಟ್ರಯಲ್‌ಗೆಂದು ಹಾಕಿಕೊಂಡಿದ್ದ ಆಂಟಿವೈರಸ್‌ನ ಅವಧಿ ಈ ವಾರ ಮುಗಿಯುತ್ತದೆ. ಯಂತ್ರ ಆನ್ ಮಾಡಿದಾಗಲೆಲ್ಲ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಕೆಂಪು ಪಟ್ಟಿ ಮೂಲೆಯಲ್ಲಿ ಎದ್ದು ನಿಲ್ಲುತ್ತಿದೆ. ಪೂರ್ಣ ಆವೃತ್ತಿಗೆ ಹಣ ಕೊಡುವುದು ಸದ್ಯಕ್ಕೆ ನನ್ನಿಂದ ಆಗದು.

ಸಹಪಾಠಿಯೊಬ್ಬ ಒಂದು ಸಣ್ಣ ಪ್ರೋಗ್ರಾಂ ಕಳುಹಿಸಿದ್ದಾನೆ. ಅದನ್ನು ಓಡಿಸಿದರೆ ದಿನಗಳ ಎಣಿಕೆ ಮತ್ತೆ ಮೂವತ್ತಕ್ಕೆ ಮರಳುತ್ತದೆಯಂತೆ. ಜೊತೆಗೆ ಒಂದು ಸೂಚನಾ ಕಡತವೂ ಇದೆ: ಮೊದಲು ಆಂಟಿವೈರಸ್‌ನ ಸ್ವರಕ್ಷಣೆಯನ್ನು ಆಫ್ ಮಾಡಿ, ಬಳಿಕ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ವೈರಸ್ ಎಂದು ತೋರಿಸಿದರೆ ಅದನ್ನು ಲೆಕ್ಕಿಸಬೇಡಿ. ಈ ಕೊನೆಯ ಮಾತು ಓದಿದ ಮೇಲೆ ನಾನು ಅದನ್ನು ತೆರೆದಿಲ್ಲ. ಇಂಥದ್ದನ್ನು ಬಳಸಿದವರು, ಇದರ ಒಳಗನ್ನು ಬಲ್ಲವರು ದಯವಿಟ್ಟು ಹೇಳಿ.

ಕಪ್ಪುಹಲಗೆ

ತೆರೆಯದೇ ಇದ್ದುದು ಒಳ್ಳೆಯದಾಯಿತು. ಆ ಮೂರು ಸೂಚನೆಗಳನ್ನು ಇನ್ನೊಮ್ಮೆ ಓದಿ. ಕಾವಲನ್ನು ನಿಲ್ಲಿಸು, ಯಂತ್ರದ ಮೇಲೆ ಪೂರ್ತಿ ಅಧಿಕಾರ ಕೊಡು, ಎಚ್ಚರಿಕೆ ಬಂದರೆ ಕಡೆಗಣಿಸು. ನಿಮ್ಮ ಯಂತ್ರಕ್ಕೆ ನುಗ್ಗಬೇಕೆಂದಿರುವ ಯಾರೇ ಆದರೂ ನಿಮ್ಮಿಂದ ಬಯಸುವುದು ಇಷ್ಟನ್ನೇ. ಆ ಪ್ರೋಗ್ರಾಂ ನಿಜಕ್ಕೂ ದಿನಗಳನ್ನು ಮರಳಿಸುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು.

ಇಂಥ ಸಾಧನಗಳು ಮಾಡುವ ಕೆಲಸ ಸ್ಥೂಲವಾಗಿ ಎರಡು ಬಗೆಯದು. ಹಳೆಯವು ರಿಜಿಸ್ಟ್ರಿಯಲ್ಲೋ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆ) ಅಡಗಿಸಿಟ್ಟ ಕಡತಗಳಲ್ಲೋ ದಾಖಲಾದ ಟ್ರಯಲ್ ಗುರುತುಗಳನ್ನು ಅಳಿಸುತ್ತಿದ್ದವು. ಈಗ ಹಲವು ಕಂಪನಿಗಳು ಟ್ರಯಲ್‌ನ ಲೆಕ್ಕವನ್ನು ತಮ್ಮ ಸರ್ವರ್‌ನಲ್ಲಿ, ಯಂತ್ರದ ಹಾರ್ಡ್‌ವೇರ್ ಗುರುತಿಗೆ ಕಟ್ಟಿ ಇಡುತ್ತವೆ. ನಿಮ್ಮ ಡಿಸ್ಕಿನಲ್ಲಿ ಏನನ್ನೇ ಅಳಿಸಿದರೂ ಸರ್ವರ್ ಮರೆಯುವುದಿಲ್ಲ. ಹಾಗಾಗಿ ಎರಡನೆಯ ಬಗೆಯವು ಎಲ್ಲಿಂದಲೋ ಸೋರಿದ ಕೀಗಳನ್ನು, ಅಂದರೆ ಪರವಾನಗಿ ಸಂಖ್ಯೆಗಳನ್ನು, ತುಂಬುತ್ತವೆ, ಇಲ್ಲವೇ ಪ್ರೋಗ್ರಾಂ ತನ್ನ ಪರವಾನಗಿ ಸರ್ವರ್ ಜೊತೆ ಮಾತಾಡದಂತೆ ದಾರಿ ಮುಚ್ಚುತ್ತವೆ. ಒಂದೇ ಕೀ ಸಾವಿರಾರು ಯಂತ್ರಗಳಲ್ಲಿ ಕಾಣಿಸಿದರೆ ಕಂಪನಿ ಅದನ್ನು ರದ್ದು ಮಾಡುತ್ತದೆ. ದಾರಿ ಮುಚ್ಚುವ ಉಪಾಯದಲ್ಲಿ ಇನ್ನೂ ದೊಡ್ಡ ತೊಡಕಿದೆ: ಹೊಸ ವೈರಸ್‌ಗಳ ಗುರುತುಪಟ್ಟಿ ಬರಬೇಕಾದದ್ದೂ ಅದೇ ಕಂಪನಿಯ ಸರ್ವರ್‌ಗಳಿಂದ. ಮುಚ್ಚಿದ ವಿಳಾಸಗಳಲ್ಲಿ ಅವೂ ಸೇರಿಹೋದರೆ ಅಪ್‌ಡೇಟ್ ನಿಲ್ಲುತ್ತದೆ.

ನೇರಮಾತು

ನನ್ನದು ಬೇರೆ ಅಭಿಪ್ರಾಯ. ಕೆಲವು ವರ್ಷಗಳಿಂದ ಹೀಗೇ ನಡೆಸುತ್ತಿದ್ದೇನೆ, ಏನೂ ಆಗಿಲ್ಲ. ರೀಸೆಟ್ ಸಾಧನವನ್ನು ಆಂಟಿವೈರಸ್‌ಗಳು ‘ಹ್ಯಾಕ್‌ಟೂಲ್’ ಎಂದು ಗುರುತಿಸುತ್ತವೆ, ಟ್ರೋಜನ್ (ಒಳ್ಳೆಯ ಪ್ರೋಗ್ರಾಂನ ವೇಷದಲ್ಲಿ ಬರುವ ಕೆಡುಕು) ಎಂದಲ್ಲ. ತಮ್ಮ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ಕಂಪನಿಗಳು ಅದಕ್ಕೆ ಕೆಟ್ಟ ಹೆಸರು ಕೊಡುತ್ತವೆ. ಹಣವಿಲ್ಲದವನು ರಕ್ಷಣೆ ಇಲ್ಲದೆ ಇರಬೇಕೆ? ಟ್ರಯಲ್ ಮುಗಿದ ಮೇಲೆ ಬೆತ್ತಲಾಗಿ ಕೂರುವುದಕ್ಕಿಂತ ರೀಸೆಟ್ ಮಾಡಿಕೊಂಡು ಕಾವಲಿನಲ್ಲಿರುವುದು ಮೇಲಲ್ಲವೇ?

ಕಪ್ಪುಹಲಗೆ

ನಿಮ್ಮ ಮಾತಿನಲ್ಲಿ ಒಂದು ನಿಜವಿದೆ. ಹ್ಯಾಕ್‌ಟೂಲ್ ಎಂಬ ಗುರುತು ಬಂದ ಮಾತ್ರಕ್ಕೆ ಆ ಕಡತ ಕೆಡುಕಿನದ್ದೇ ಎನ್ನಲಾಗದು. ಬರೆದವನು ಪ್ರಾಮಾಣಿಕವಾಗಿ ಅಷ್ಟೇ ಕೆಲಸಕ್ಕೆ ಬರೆದಿರಬಹುದು. ಆದರೆ ಅವನು ಬರೆದ ಕಡತವೇ ನಿಮ್ಮ ಕೈಗೆ ಬಂದಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಡಿಜಿಟಲ್ ಸಹಿ ಇಲ್ಲ, ಅಧಿಕೃತ ತಾಣವಿಲ್ಲ, ಹೋಲಿಸಿ ನೋಡಲು ನಂಬಬಹುದಾದ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಕೇತ, ಇಲ್ಲ. ಕೈಯಿಂದ ಕೈಗೆ ದಾಟುವಾಗ ಯಾರೋ ಒಬ್ಬರು ಅದರೊಳಗೆ ಇನ್ನೊಂದನ್ನು ಸೇರಿಸಿ ಕಟ್ಟಿದರೂ ಎಚ್ಚರಿಕೆ ಮೊದಲಿನಂತೆಯೇ ಬರುತ್ತದೆ. ಎಚ್ಚರಿಕೆ ಬಂದೇ ಬರುತ್ತದೆ, ಲೆಕ್ಕಿಸಬೇಡಿ ಎಂದು ನಿಮಗೆ ಮೊದಲೇ ಹೇಳಿಟ್ಟಿರುತ್ತಾರೆ. ನಿರಪಾಯದ ಕಡತಕ್ಕೂ ಅಪಾಯದ ಕಡತಕ್ಕೂ ಇರುವ ವ್ಯತ್ಯಾಸ ತಿಳಿಯುವ ಒಂದೇ ದಾರಿಯನ್ನು ನೀವೇ ಮುಚ್ಚಿಕೊಂಡಂತಾಯಿತು.

‘ಬೆತ್ತಲಾಗಿ ಕೂರುವುದು’ ಎಂಬ ಮಾತಿಗೆ ಬರುತ್ತೇನೆ, ಇಡೀ ಚರ್ಚೆಯ ತಿರುಳು ಅದೇ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್‌ನ ಒಳಗೇ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಅದರ ನಡವಳಿಕೆ ಹೀಗಿದೆ: ನೀವು ಬೇರೆ ಆಂಟಿವೈರಸ್ ಹಾಕಿದರೆ ಅದು ವಿಂಡೋಸ್‌ನಲ್ಲಿ ತನ್ನ ಹೆಸರು ನೋಂದಾಯಿಸುತ್ತದೆ, ಡಿಫೆಂಡರ್ ಹಿಂದೆ ಸರಿಯುತ್ತದೆ. ಆ ಆಂಟಿವೈರಸ್‌ನ ಅವಧಿ ಮುಗಿದರೆ ಅಥವಾ ಅದನ್ನು ತೆಗೆದುಹಾಕಿದರೆ ಡಿಫೆಂಡರ್ ತಾನಾಗಿಯೇ ಮುಂದೆ ಬಂದು ಕೆಲಸ ಶುರು ಮಾಡುತ್ತದೆ. ಟ್ರಯಲ್ ಮುಗಿದವರಿಗೆ ರಕ್ಷಣೆ ಇಲ್ಲವೆಂಬ ಭಯಕ್ಕೆ ಇಲ್ಲಿ ಆಧಾರವೇ ಇಲ್ಲ.

ಈಗ ರೀಸೆಟ್ ಮಾಡಿದ ಯಂತ್ರವನ್ನು ನೋಡಿ. ಅವಧಿ ಮುಗಿದಿಲ್ಲವೆಂದು ಆಂಟಿವೈರಸ್ ಅನ್ನು ನಂಬಿಸಲಾಗಿದೆ. ಅದು ‘ನಾನು ಕಾವಲಿನಲ್ಲಿದ್ದೇನೆ’ ಎಂದು ವಿಂಡೋಸ್‌ಗೆ ಹೇಳುತ್ತಲೇ ಇರುತ್ತದೆ. ಅದರ ಸ್ವರಕ್ಷಣೆ ಆಫ್, ಕೆಲವು ಫೋಲ್ಡರ್‌ಗಳು ಪರೀಕ್ಷೆಯಿಂದ ಹೊರಗೆ, ಗುರುತುಪಟ್ಟಿ ಹಳೆಯದಾಗುತ್ತಿದ್ದರೂ ಇರಬಹುದು. ಅದು ಹಿಂದೆ ಸರಿದಿಲ್ಲವಾದ್ದರಿಂದ ಡಿಫೆಂಡರ್ ಮುಂದೆ ಬರುವುದಿಲ್ಲ. ಏನೂ ಮಾಡದೆ ಟ್ರಯಲ್ ಮುಗಿಯಲು ಬಿಟ್ಟವನಿಗೆ ಇರುವ ರಕ್ಷಣೆ ರೀಸೆಟ್ ಮಾಡಿದವನಿಗೆ ಇಲ್ಲ. ಕಾವಲು ಬೇಕೆಂದೇ ಮಾಡಿದ ಕೆಲಸ ಕಾವಲನ್ನೇ ಕಳೆಯುತ್ತದೆ, ನನಗೆ ಇದರಲ್ಲಿ ಅತ್ಯಂತ ನೋವು ತರುವ ಸಂಗತಿ ಇದೇ.

ಮುಂಗಾರು ಮೋಡ

ಹಾಳಾದ ಯಂತ್ರಗಳನ್ನು ಸರಿಪಡಿಸುವುದು ನನ್ನ ಕೆಲಸ. ‘ಏನೂ ಆಗಿಲ್ಲ’ ಎಂಬ ಮಾತಿಗೆ ಕಾಳಜಿಯಿಂದಲೇ ಉತ್ತರಿಸುತ್ತೇನೆ. ಏನಾದರೂ ಆಗಿದ್ದರೆ ಪರದೆಯ ಮೇಲೆ ಕಾಣಬೇಕು ಎಂಬ ಎಣಿಕೆ ಹಳೆಯ ಕಾಲದ್ದು. ಇಂದು ಕ್ರ್ಯಾಕ್ (ಪರವಾನಗಿ ತಪಾಸಣೆ ಮುರಿಯುವುದು), ಕೀಜೆನ್ (ನಕಲಿ ಕೀ ತಯಾರಿಸುವುದು), ರೀಸೆಟ್ ಸಾಧನಗಳ ವೇಷದಲ್ಲಿ ಬರುವುದರಲ್ಲಿ ಬಹಳಷ್ಟು ಮಾಹಿತಿ ಕದಿಯುವ ಜಾತಿಯವು: 2020ರಲ್ಲಿ ಕಾಣಿಸಿಕೊಂಡ ರೆಡ್‌ಲೈನ್, ಅದರ ಜೊತೆಗೆ ವಿಡಾರ್, ರಕೂನ್, ಕ್ರಿಪ್ಟ್‌ಬಾಟ್. ಅವು ಸದ್ದು ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕಿ, ಕಾರ್ಡ್ ವಿವರ, ಕ್ರಿಪ್ಟೋ ವಾಲೆಟ್ ಎಲ್ಲವನ್ನೂ ಗುಡಿಸಿ ಕಳುಹಿಸಿ, ಎಷ್ಟೋ ಸಲ ತಮ್ಮನ್ನೇ ಅಳಿಸಿಕೊಳ್ಳುತ್ತವೆ. ಆಮೇಲೆ ಸ್ಕ್ಯಾನ್ ಮಾಡಿದರೆ ಯಂತ್ರ ಶುಭ್ರವಾಗಿಯೇ ಕಾಣುತ್ತದೆ. ಇಮೇಲ್ ಖಾತೆ ಕೈತಪ್ಪಿದಾಗ ಅದಕ್ಕೂ ಹಿಂದೊಮ್ಮೆ ಓಡಿಸಿದ ಕಡತಕ್ಕೂ ಸಂಬಂಧ ಕಲ್ಪಿಸುವವರು ಕಡಿಮೆ.

ಕುಕಿ ಕಳುವಾದರೆ ಎರಡು ಹಂತದ ಪರಿಶೀಲನೆಯೂ ಕಾಯುವುದಿಲ್ಲ. ನೀವು ಈಗಾಗಲೇ ಲಾಗಿನ್ ಆಗಿರುವ ಗುರುತೇ ಕಳ್ಳನ ಕೈಯಲ್ಲಿದ್ದಾಗ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಇನ್ನೊಂದು ಕುಟುಂಬ ಸ್ಟಾಪ್ ಅಥವಾ ಡಿಜೆವು ಎಂದು ಕರೆಯುವ ರ‍್ಯಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕೆಡುಕು. ಕ್ರ್ಯಾಕ್ ಹುಡುಕುವ ಸಾಮಾನ್ಯ ಜನರನ್ನೇ ಗುರಿಯಾಗಿಸಿಕೊಂಡು ಬೆಳೆದದ್ದು ಅದು. ಕಡತಗಳಿಗೆ ಬೀಗ ಹಾಕುವಾಗ ಪರದೆಯ ಮೇಲೆ ನಕಲಿ ವಿಂಡೋಸ್ ಅಪ್‌ಡೇಟ್ ಕಿಟಕಿ ತೋರಿಸುತ್ತದೆ, ಜನ ಪಾಪ ತಾಳ್ಮೆಯಿಂದ ಕಾಯುತ್ತಾರೆ. ಯಾವ ತಾಣದ ಹೆಸರು ಯಾವ ವಿಳಾಸಕ್ಕೆ ಹೋಗಬೇಕೆಂದು ಹೇಳುವ ಹೋಸ್ಟ್ಸ್ ಕಡತವನ್ನು ತಿದ್ದಿ ಭದ್ರತಾ ತಾಣಗಳು ತೆರೆಯದಂತೆ ಮಾಡುತ್ತದೆ, ಜೊತೆಗೆ ಅಜೋರಲ್ಟ್ ಎಂಬ ಪಾಸ್‌ವರ್ಡ್ ಕಳ್ಳನನ್ನೂ ಇಳಿಸಿದ್ದುಂಟು. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಎಂಬ ಭದ್ರತಾ ಕಂಪನಿ ಇದಕ್ಕೆ ಉಚಿತ ಡಿಕ್ರಿಪ್ಟರ್ (ಬೀಗ ತೆರೆಯುವ ಸಾಧನ) ಹೊರತಂದಿತು. ಆದರೆ ಅದೇ ವರ್ಷದ ಆಗಸ್ಟ್‌ನಿಂದೀಚಿನ ತಳಿಗಳು ಆನ್‌ಲೈನ್ ಕೀ (ದಾಳಿಕೋರರ ಸರ್ವರ್‌ನಿಂದ ಬರುವ ಕೀ) ಬಳಸಿ ಬೀಗ ಹಾಕಿದ್ದರೆ ಅದರಿಂದಲೂ ತೆರೆಯಲಾಗದು. ಬ್ಯಾಕಪ್ ಇಲ್ಲದ ಫೋಟೋಗಳು, ಬರೆದಿಟ್ಟ ಪ್ರಬಂಧಗಳು ಹಾಗೆ ಹೋದವರ ಮುಖ ನೋಡಿದ್ದೇನೆ. ಆಗ ಹೇಳುವುದಕ್ಕೆ ನನ್ನ ಬಳಿ ಏನೂ ಇರುವುದಿಲ್ಲ.

ಗಾಳಿಕೊಡೆ

ಯಾವ ಸಾಧನವನ್ನೂ ಓಡಿಸದೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ? ಅದರಲ್ಲಿ ವೈರಸ್ ಭಯವಿಲ್ಲವಲ್ಲ.

ಅಂಚೆಪೆಟ್ಟಿಗೆ

ಭಯವಿಲ್ಲ, ಪ್ರಯೋಜನವೂ ಇಲ್ಲ. ಸರ್ವರ್‌ಗೆ ಅದರದ್ದೇ ಗಡಿಯಾರವಿದೆ. ಯಂತ್ರದೊಳಗೆ ಲೆಕ್ಕವಿಡುವ ಪ್ರೋಗ್ರಾಂಗಳೂ ತಾವು ಕಂಡ ಅತಿ ಈಚಿನ ದಿನಾಂಕವನ್ನು ಬರೆದಿಟ್ಟುಕೊಳ್ಳುತ್ತವೆ. ತೊಂದರೆ ಮಾತ್ರ ಖಚಿತ: ಪ್ರತಿ ಸುರಕ್ಷಿತ ತಾಣದ ಪ್ರಮಾಣಪತ್ರಕ್ಕೂ ಆರಂಭದ ದಿನ, ಕೊನೆಯ ದಿನ ಎಂದಿರುತ್ತದೆ. ಗಡಿಯಾರ ಹಿಂದಕ್ಕಿದ್ದರೆ ಹೊಸ ಪ್ರಮಾಣಪತ್ರಗಳು ಇನ್ನೂ ಚಾಲ್ತಿಗೆ ಬಂದಿಲ್ಲವೆಂದು ಬ್ರೌಸರ್ ಬಾಗಿಲು ಹಾಕುತ್ತದೆ. ಅಪ್‌ಡೇಟ್‌ಗಳೂ ಅದೇ ದಾರಿಯಲ್ಲಿ ಬರುತ್ತವೆ. ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಲಾಗಿನ್ ಸಂಖ್ಯೆಗಳನ್ನು ಅದೇ ಯಂತ್ರದಲ್ಲಿ ಪಡೆಯುತ್ತಿದ್ದರೆ ಅವೂ ಹೊಂದುವುದಿಲ್ಲ.

ನೇರಮಾತು

ಡಿಫೆಂಡರ್ ತಾನಾಗಿ ಮರಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ರಿಜಿಸ್ಟ್ರಿಯಲ್ಲಿ ಒಂದೆರಡು ಸಾಲು ಅಳಿಸುವುದು ಅಷ್ಟು ದೊಡ್ಡ ವಿಷಯವೇ? ಬೇರೆ ತಂತ್ರಾಂಶಗಳಲ್ಲೂ ಹಾಗೆ ಮಾಡುವವರಿದ್ದಾರೆ.

ಕಪ್ಪುಹಲಗೆ

ಬೇರೆ ತಂತ್ರಾಂಶಕ್ಕೂ ಆಂಟಿವೈರಸ್‌ಗೂ ಹೋಲಿಕೆ ಸಲ್ಲದು. ಚಿತ್ರ ತಿದ್ದುವ ಪ್ರೋಗ್ರಾಂ ಕೆಟ್ಟರೆ ಚಿತ್ರ ಕೆಡುತ್ತದೆ. ಆಂಟಿವೈರಸ್ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಡ್ರೈವರ್ ಇಟ್ಟು ಕೂರುತ್ತದೆ, ತೆರೆಯುವ ಪ್ರತಿ ಕಡತ ಅದರ ಕಣ್ಣ ಮುಂದೆ ಹಾದು ಹೋಗುತ್ತದೆ. ಆ ಜಾಗ ಎಷ್ಟು ಆಳದ್ದು ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು: ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಅದು ತಯಾರಕರೇ, ತಮ್ಮದೇ ತಂತ್ರಾಂಶಕ್ಕೆ, ಒಳ್ಳೆಯ ಉದ್ದೇಶದಿಂದ ಕಳುಹಿಸಿದ್ದು. ಇನ್ನು ಯಾರು ಬರೆದರೆಂದೇ ತಿಳಿಯದ ಸಾಧನ ಆ ಪದರದಲ್ಲಿ ಕೈಯಾಡಿಸುವುದನ್ನು ಸಣ್ಣ ವಿಷಯ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಆಂಟಿವೈರಸ್‌ಗಳಲ್ಲಿ ಸ್ವರಕ್ಷಣೆ ಎಂಬುದು ಇರುವುದೂ ಇದಕ್ಕಾಗಿಯೇ. ಯಂತ್ರದೊಳಗೆ ಬಂದ ಕೆಡುಕು ಮೊದಲು ಮಾಡಲು ನೋಡುವುದು ಕಾವಲುಗಾರನನ್ನು ಕೆಡವುವ ಕೆಲಸವನ್ನು. ಡಿಫೆಂಡರ್‌ಗೂ 2019ರಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಬಂತು. ಅದನ್ನು ಆಫ್ ಮಾಡಿ ಎಂದು ಯಾವುದೇ ಸೂಚನೆ ಹೇಳಿದರೆ ಅಲ್ಲಿಗೇ ನಿಲ್ಲಿ.

ನಿರ್ವಾಹಕ

ಇಲ್ಲಿದ್ದ ಒಂದು ಬರಹವನ್ನು ತೆಗೆದಿದ್ದೇನೆ. ರೀಸೆಟ್ ಸಾಧನದ ಕೊಂಡಿ, ಪಾಸ್‌ವರ್ಡ್ ಹಾಕಿದ ಜಿಪ್ ಕಡತ ಮತ್ತು ಅದನ್ನು ತೆರೆಯುವ ಪಾಸ್‌ವರ್ಡ್ ಅದರಲ್ಲಿದ್ದವು. ಜಿಪ್‌ಗೆ ಪಾಸ್‌ವರ್ಡ್ ಹಾಕುವುದು ಗುಟ್ಟು ಕಾಯಲು ಅಲ್ಲ, ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿರುತ್ತದೆ. ಡೌನ್‌ಲೋಡ್ ಆಗುವಾಗ ಬ್ರೌಸರ್, ಇಮೇಲ್ ಸೇವೆ, ಆಂಟಿವೈರಸ್ ಯಾವುದೂ ಒಳಗೆ ಇಣುಕದಿರಲಿ ಎಂದು ಹಾಗೆ ಮಾಡುತ್ತಾರೆ. ಇದೇ ಉದ್ದೇಶಕ್ಕೆ ಚಿಕ್ಕ ಪ್ರೋಗ್ರಾಂ ಅನ್ನು ಖಾಲಿ ದತ್ತಾಂಶ ತುಂಬಿ ನೂರಾರು ಎಂಬಿಗೆ ಉಬ್ಬಿಸುವುದೂ ಇದೆ, ಏಕೆಂದರೆ ದೊಡ್ಡ ಕಡತಗಳನ್ನು ಕೆಲವು ಸ್ಕ್ಯಾನರ್‌ಗಳು ಬಿಟ್ಟುಬಿಡುತ್ತವೆ. ಅಂಥ ಕೊಂಡಿಗಳನ್ನು ಮತ್ತೆ ಹಾಕಬೇಡಿ.

ತಾಳೆಗರಿ

ಉಚಿತ ಆವೃತ್ತಿಗಳ ಬಗ್ಗೆ ಯಾರೂ ಹೇಳಿಲ್ಲ. ಟ್ರಯಲ್ ಬೇರೆ, ಉಚಿತ ಆವೃತ್ತಿ ಬೇರೆ. ಅವಾಸ್ಟ್, ಎವಿಜಿ, ಅವೀರಾ, ಬಿಟ್‌ಡಿಫೆಂಡರ್ ಇವೆಲ್ಲ ಅವಧಿ ಮಿತಿಯಿಲ್ಲದ ಉಚಿತ ಆವೃತ್ತಿ ಕೊಟ್ಟಿವೆ. ಮಾಲ್‌ವೇರ್‌ಬೈಟ್ಸ್ ಮೊದಲು 14 ದಿನ ಪೂರ್ಣ ಸೌಲಭ್ಯ ಕೊಟ್ಟು, ಬಳಿಕ ನೀವು ಕೇಳಿದಾಗ ಮಾತ್ರ ಸ್ಕ್ಯಾನ್ ಮಾಡುವ ಉಚಿತ ರೂಪಕ್ಕೆ ಇಳಿಯುತ್ತದೆ, ಅದೇ ಬಹಳ ಜನರಿಗೆ ಸಾಕು.

ಆದರೆ ಉಚಿತ ಎಂದಾಗ ಬೇರೆ ರೀತಿಯ ಬೆಲೆಯನ್ನೂ ಕೇಳಿ ತಿಳಿಯಬೇಕು. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಸಂಸ್ಥೆಯನ್ನು ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ 1.65 ಕೋಟಿ ಡಾಲರ್ ಮೊತ್ತದ ಕ್ರಮ ಪ್ರಕಟಿಸಿತು. ಹಾಗಾಗಿ ಯಾವುದನ್ನೇ ಹಾಕುವಾಗಲೂ ‘ಮಾಹಿತಿ ಹಂಚಿಕೊಳ್ಳಲು ಒಪ್ಪುತ್ತೇನೆ’ ಎಂಬ ಚೌಕಗಳನ್ನು ಓದಿ, ಬೇಡವಾದವನ್ನು ತೆಗೆಯಿರಿ. ನನ್ನ ಮಟ್ಟಿಗೆ, ಡಿಫೆಂಡರ್ ಇರುವಾಗ ಇನ್ನೊಂದು ಉಚಿತ ಆಂಟಿವೈರಸ್ ಬೇಕೆನ್ನುವುದಕ್ಕೆ ಬಲವಾದ ಕಾರಣ ಕಾಣುವುದಿಲ್ಲ. ಸ್ವತಂತ್ರ ಪ್ರಯೋಗಾಲಯವಾದ ಎವಿ-ಟೆಸ್ಟ್‌ನ ಪರೀಕ್ಷೆಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ನಿಂತಿದೆ.

ಹಾಗೆಯೇ, ಟ್ರಯಲ್‌ಗೆ ಕಾರ್ಡ್ ವಿವರ ಕೊಟ್ಟಿದ್ದರೆ ಸ್ವಯಂ ನವೀಕರಣವನ್ನು ಖಾತೆಗೆ ಹೋಗಿ ನಿಲ್ಲಿಸಿ. ಪ್ರೋಗ್ರಾಂ ಅನ್ನು ಯಂತ್ರದಿಂದ ತೆಗೆದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ.

ಬಿದಿರುಮೆಳೆ

ನಾನು ನೋಡಿಕೊಳ್ಳುವ ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ ಹಿಂದಿನವರು ಇಂಥ ಸಾಧನ ಓಡಿಸಿದ್ದಾರೆಂದು ಈಗ ತಿಳಿಯಿತು. ಅದನ್ನು ಈಗ ಹೇಗೆ ಶುದ್ಧ ಮಾಡುವುದು?

ಮುಂಗಾರು ಮೋಡ

ಮೊದಲು ಆ ಆಂಟಿವೈರಸ್ ಅನ್ನು ತೆಗೆಯಿರಿ. ಮಾಮೂಲಿ ಅನ್‌ಇನ್‌ಸ್ಟಾಲ್ ಸಾಲದಿದ್ದರೆ ಆಯಾ ಕಂಪನಿಯ ತಾಣದಲ್ಲಿ ಅದಕ್ಕೆಂದೇ ಮಾಡಿದ ತೆಗೆಯುವ ಸಾಧನ ಸಿಗುತ್ತದೆ. ರೀಸೆಟ್ ಸಾಧನ ಕೈಯಾಡಿಸಿದ ಯಂತ್ರದಲ್ಲಿ ಬಹುಪಾಲು ಅದೇ ಬೇಕಾಗುತ್ತದೆ. ಯಂತ್ರ ಮರುಪ್ರಾರಂಭಿಸಿ, ವಿಂಡೋಸ್ ಸೆಕ್ಯುರಿಟಿ ತೆರೆದು, ಡಿಫೆಂಡರ್ ಆನ್ ಆಗಿದೆಯೇ, ಗುರುತುಪಟ್ಟಿ ಇಂದಿನದೇ ನೋಡಿ.

ಬಳಿಕ, ಜನ ಮರೆಯುವ ಜಾಗಕ್ಕೆ ಹೋಗಿ: ವೈರಸ್ ರಕ್ಷಣೆಯ ಸೆಟ್ಟಿಂಗ್‌ಗಳ ಕೆಳಭಾಗದಲ್ಲಿರುವ ಎಕ್ಸ್‌ಕ್ಲೂಷನ್ಸ್ ಪಟ್ಟಿ. ಸ್ಕ್ಯಾನ್ ಮಾಡದೆ ಬಿಡಬೇಕಾದ ಜಾಗಗಳು ಅಲ್ಲಿರುತ್ತವೆ. ಇಡೀ ಸಿ ಡ್ರೈವ್ ಅನ್ನೇ ಆ ಪಟ್ಟಿಗೆ ಸೇರಿಸಿಟ್ಟ ಯಂತ್ರಗಳನ್ನು ಕಂಡಿದ್ದೇನೆ. ಪಟ್ಟಿ ಹಾಗೆಯೇ ಇದ್ದರೆ ಎಷ್ಟು ಸ್ಕ್ಯಾನ್ ಮಾಡಿದರೂ ‘ಏನೂ ಇಲ್ಲ’ ಎಂಬ ಉತ್ತರವೇ ಬರುತ್ತದೆ, ಆದ್ದರಿಂದ ಸ್ಕ್ಯಾನ್‌ಗೆ ಮೊದಲು ಇದನ್ನು ಖಾಲಿ ಮಾಡಿ. ಹೋಸ್ಟ್ಸ್ ಕಡತದಲ್ಲಿ ಭದ್ರತಾ ಕಂಪನಿಗಳ ವಿಳಾಸಗಳಿದ್ದರೆ ಅಳಿಸಿ. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೆಸರಿಗೂ ಕೆಲಸಕ್ಕೂ ಹೊಂದದ ನಮೂದುಗಳಿವೆಯೇ ನೋಡಿ, ಪ್ರತಿ ತಿಂಗಳು ತಾನಾಗಿ ರೀಸೆಟ್ ಆಗುವ ಏರ್ಪಾಡು ಅಡಗುವುದು ಅಲ್ಲೇ.

ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಕೆಲಸ ಮಾಡುವುದರಿಂದ ಅಡಗಿ ಕೂತದ್ದು ತಪ್ಪಿಸಿಕೊಳ್ಳುವುದು ಕಷ್ಟ. ಎರಡನೆಯ ಅಭಿಪ್ರಾಯಕ್ಕೆ ಇಸೆಟ್ ಆನ್‌ಲೈನ್ ಸ್ಕ್ಯಾನರ್, ಡಾಕ್ಟರ್ ವೆಬ್ ಕ್ಯೂರ್‌ಇಟ್, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇವುಗಳಲ್ಲಿ ಒಂದು ಸಾಕು. ಕೊನೆಯದು ಇಳಿಸಿಕೊಂಡ 10 ದಿನಗಳಿಗೆ ಹಳೆಯದಾಗುತ್ತದೆ, ಆಗ ಹೊಸದನ್ನು ತರಬೇಕು.

ಪಾಸ್‌ವರ್ಡ್‌ಗಳನ್ನು ಆ ಡೆಸ್ಕ್‌ಟಾಪ್‌ನಿಂದ ಬದಲಿಸಬೇಡಿ. ಬೇರೆ ಶುದ್ಧ ಯಂತ್ರ ಅಥವಾ ಫೋನಿನಿಂದ ಬದಲಿಸಿ, ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಆಯ್ಕೆಯನ್ನು ಒತ್ತಿ, ಕದ್ದ ಕುಕಿಗಳು ಆಗಲೇ ಸಾಯುವುದು. ಇಷ್ಟರ ನಡುವೆ ನಿಜವಾದ ಟ್ರೋಜನ್ ಏನಾದರೂ ಸಿಕ್ಕಿದರೆ ಕಡತಗಳ ಪ್ರತಿ ತೆಗೆದುಕೊಂಡು ವಿಂಡೋಸ್ ಅನ್ನು ಹೊಸದಾಗಿ ಹಾಕುವುದೇ ನನ್ನ ಸಲಹೆ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿದ್ದು ಏನೇನು ಬದಲಿಸಿದೆ ಎಂದು ಹುಡುಕುತ್ತಾ ಕೂರುವುದಕ್ಕಿಂತ ಅದು ಬೇಗ ಮುಗಿಯುತ್ತದೆ.

ಹೊಳೆಸಾಲು

ಎಲ್ಲರಿಗೂ ವಂದನೆಗಳು. ಸಹಪಾಠಿ ಕಳುಹಿಸಿದ ಕಡತವನ್ನು ತೆರೆಯದೆ ಅಳಿಸಿದೆ. ಟ್ರಯಲ್ ಮುಗಿಯುವವರೆಗೆ ಕಾಯದೆ ಆಂಟಿವೈರಸ್ ತೆಗೆದೆ, ಯಂತ್ರ ಮತ್ತೆ ಶುರುವಾದಾಗ ಡಿಫೆಂಡರ್ ಆನ್ ಆಗಿತ್ತು. ಆ ಕೆಂಪು ಪಟ್ಟಿ ಇಲ್ಲ. ಅದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ದಾರಿ ಇದೆಯೇ? ಸಹಪಾಠಿಗೂ ಇಲ್ಲಿನ ಚರ್ಚೆ ಓದಲು ಹೇಳಿದ್ದೇನೆ, ಅವನ ಯಂತ್ರದ್ದೇ ನನಗೆ ಈಗ ಚಿಂತೆ.

ಅಂಚೆಪೆಟ್ಟಿಗೆ

ಇದೆ. ಐಕಾರ್ ಪರೀಕ್ಷಾ ಕಡತ ಎಂಬುದು ಆಂಟಿವೈರಸ್ ತಯಾರಕರೆಲ್ಲ ಒಪ್ಪಿಕೊಂಡಿರುವ, 68 ಬೈಟ್‌ಗಳ ನಿರಪಾಯಕಾರಿ ಅಕ್ಷರ ಸಾಲು. ಐಕಾರ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿ. ಡಿಫೆಂಡರ್ ಅದನ್ನು ಕೂಡಲೇ ಹಿಡಿದು ತಡೆಯಬೇಕು. ಸಹಪಾಠಿಯ ಯಂತ್ರದಲ್ಲೂ ಇದನ್ನು ಮಾಡಿಸಿ. ಹಸಿರು ಗುರುತು ತೋರಿಸುತ್ತಿದ್ದೂ ಈ ಕಡತ ಸಲೀಸಾಗಿ ಇಳಿದು ಕೂತರೆ, ಮುಂಗಾರು ಮೋಡ ಅವರು ಹೇಳಿದ ಎಕ್ಸ್‌ಕ್ಲೂಷನ್ಸ್ ಪಟ್ಟಿಯಿಂದ ಶುರು ಮಾಡಲಿ.

ಬಿದಿರುಮೆಳೆ

ನನ್ನ ಬಳಿಯ ಡೆಸ್ಕ್‌ಟಾಪ್‌ನಲ್ಲಿ ಡೌನ್‌ಲೋಡ್ಸ್ ಮತ್ತು ಪ್ರೋಗ್ರಾಂ ಡೇಟಾ ಫೋಲ್ಡರ್‌ಗಳು ಪಟ್ಟಿಯಲ್ಲಿದ್ದವು. ಟಾಸ್ಕ್ ಶೆಡ್ಯೂಲರ್‌ನಲ್ಲೂ ಒಂದು ನಮೂದು ಸಿಕ್ಕಿತು. ಹೊಸದಾಗಿ ವಿಂಡೋಸ್ ಹಾಕುತ್ತಿದ್ದೇನೆ. ಅದು ವಿಂಡೋಸ್ 10ರ ಯಂತ್ರ, 11 ಅದಕ್ಕೆ ಹೊಂದುವುದಿಲ್ಲ. ಡಿಫೆಂಡರ್ ಇದ್ದರೆ ಸಾಕೇ?

ಕಪ್ಪುಹಲಗೆ

ಡಿಫೆಂಡರ್‌ನ ಗುರುತುಪಟ್ಟಿಗಳನ್ನು ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಇದೆ, ಅದಕ್ಕೆ ಸೇರಿಕೊಳ್ಳಿ. ಸೇರದಿದ್ದರೆ ಆಂಟಿವೈರಸ್ ಎಷ್ಟೇ ಹೊಸದಿದ್ದರೂ ವಿಂಡೋಸ್‌ನದ್ದೇ ಬಿರುಕುಗಳು ತೆರೆದಿರುತ್ತವೆ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಹಾಗೆಯೇ. ಅದು ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದ ಯಂತ್ರಗಳು ಬಿದ್ದವು. ಯೋಜನೆಗೆ ಸೇರಲು ಆಗದಿದ್ದರೆ ಆ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕುವ ಬಗ್ಗೆ ಬೇರೆ ಪ್ರಶ್ನೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.